ಸಹಾಯ ಬೇಕು: ಅಪ್ಪನಿಗೆ ‘ರೋಡ್‌ಗೇಮ್ಸ್’ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾದವಳು. ಅಪ್ಪ 28 ವರ್ಷ ಲಾರಿ ಓಡಿಸಿದವರು, ಜಾಸ್ತಿ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿ ಕಡೆಗೆ. ಈಗ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ.

ಅವರಿಗೆ ರಿಚರ್ಡ್ ಫ್ರಾಂಕ್ಲಿನ್ 1981ರಲ್ಲಿ ಮಾಡಿದ ಈ ಆಸ್ಟ್ರೇಲಿಯಾ ಸಿನಿಮಾ ತೋರಿಸುವ ಆಸೆ. ಮಾಂಸದ ಲೋಡ್ ತುಂಬಿಕೊಂಡು ಪರ್ತ್‌ಗೆ ಹೊರಟ ಡ್ರೈವರ್, ಜೊತೆಗೊಂದು ಡಿಂಗೊ ನಾಯಿ. ಹಸಿರು ವ್ಯಾನಿನವನೇ ಹೆದ್ದಾರಿ ಕೊಲೆಗಾರ ಅಂತ ಇವನಿಗೆ ಅನುಮಾನ. ಪೊಲೀಸರಿಗೆ ಇವನ ಮೇಲೇ ಅನುಮಾನ! ಅವನು ನಾಯಿ ಜೊತೆ ಮಾತಾಡುತ್ತಾ ಗಾಡಿ ಓಡಿಸುವುದು ನೋಡಿ ನನಗೆ ಅಪ್ಪನೇ ನೆನಪಾದರು. ಅವರೂ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರಂತೆ, ನಿದ್ದೆ ಬರಬಾರದು ಅಂತ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಸಬ್‌ಟೈಟಲ್ ಯಾರ ಹತ್ತಿರವಾದರೂ ಇದೆಯಾ? ಇಲ್ಲದಿದ್ದರೆ ನಾನೇ ಬರೆಯುತ್ತೇನೆ, ಟೈಮಿಂಗ್ ಕೂರಿಸುವುದನ್ನು ಯಾರಾದರೂ ಹೇಳಿಕೊಡಿ. ಕಾರವಾರ, ಶಿರಸಿ, ಎಲ್ಲಿಗೆ ಬೇಕಾದರೂ ಬರುತ್ತೇನೆ.