ಗುಜರಿಯಿಂದ ತಂದ ಟರ್ಬೊ ಡೀಸೆಲ್ ಎಂಜಿನ್, ಅರ್ಧ ಸಾಮಾನು ಇಲ್ಲ: ಚಾಲೂ ಮಾಡುವುದು ಹೇಗೆ?

ಪ್ರಶ್ನೆ (ಲಕ್ಷ್ಮೇಶ್ವರದಿಂದ):

ಅಣ್ಣಾರೇ, ನಮಸ್ಕಾರ. ನನ್ನದು 2012ರ ಸ್ವಿಫ್ಟ್ ಡೀಸೆಲ್ ಗಾಡಿ, 1248 ಸಿಸಿ, ಕೆಎ-26 ಪಾಸಿಂಗ್. ಹೋದ ತಿಂಗಳು ಗದಗಿನಿಂದ ಊರಿಗೆ ಬರುವಾಗ ಆಯಿಲ್ ಲೈಟ್ ಹತ್ತಿತು. ಇನ್ನೇನು ಮನೆ ಮುಟ್ಟುತ್ತೇನೆ ಅಂತ ಹಾಗೇ ಓಡಿಸಿದೆ. ಒಳಗೆ ಕಟಕಟ ಸದ್ದು ಶುರುವಾಗಿ ಎಂಜಿನ್ ಜಾಮ್ ಆಯಿತು. ಬಿಚ್ಚಿಸಿ ನೋಡಿದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಪೂರ್ತಿ ಗೀರಿದೆ. ರಿಪೇರಿ ಖರ್ಚು ಕೇಳಿ ಹೆದರಿ, ಹುಬ್ಬಳ್ಳಿಯ ಗುಜರಿಯಿಂದ ಅದೇ ಮಾಡೆಲ್‌ನ ಹಳೇ ಎಂಜಿನ್ ತಂದೆ. ಈಗ ಮನೆ ಮುಂದಿನ ಶೆಡ್ಡಿನಲ್ಲಿದೆ. ಕೆಲಸಕ್ಕೆ ನಾನು ಮತ್ತು ನನ್ನ ಮಾವನ ಮಗ. ಅವನಿಗೆ ಟ್ರ್ಯಾಕ್ಟರ್ ಕೆಲಸ ಚೆನ್ನಾಗಿ ಗೊತ್ತು.

ಎಂಜಿನ್ ಮೇಲೆ ಬಹಳ ಸಾಮಾನು ಇಲ್ಲ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇದೆ, ಆದರೆ ಅದಕ್ಕೆ ಆಯಿಲ್ ಬರುವ ಪೈಪೂ ಇಲ್ಲ, ಆಯಿಲ್ ಇಳಿದು ಹೋಗುವ ಪೈಪೂ ಇಲ್ಲ. ಒಂದು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವುದು), ಇಂಜೆಕ್ಟರ್ ಮೇಲಿನ ರಿಟರ್ನ್ ಪೈಪ್ (ಉಳಿದ ಡೀಸೆಲ್ ವಾಪಸ್ ಒಯ್ಯುವುದು), ಎರಡು ಗ್ಲೋ ಪ್ಲಗ್ (ಸ್ಟಾರ್ಟ್‌ಗೆ ಮೊದಲು ಸಿಲಿಂಡರ್ ಬಿಸಿ ಮಾಡುವುದು), ಕ್ರ್ಯಾಂಕ್ ಸೆನ್ಸರ್ ಇಲ್ಲ. ಟರ್ಬೊ ಬಾಯಿ ಎಷ್ಟು ದಿನ ತೆರೆದೇ ಇತ್ತೋ ಗೊತ್ತಿಲ್ಲ. ಗಾಡಿಗೆ ಕೂರಿಸುವ ಮೊದಲು ನೆಲದ ಮೇಲೇ ಒಮ್ಮೆ ಚಾಲೂ ಮಾಡಿ ಸದ್ದು ಕೇಳೋಣ ಅಂತ ಆಸೆ. ಟರ್ಬೊಗೆ ಆಯಿಲ್ ಪೈಪ್ ಇಲ್ಲದೆ ಒಂದೇ ಒಂದು ನಿಮಿಷ ಓಡಿಸಿದರೆ ನಡೆಯುತ್ತದಾ?

ಉತ್ತರ (ಮೆಕ್ಯಾನಿಕ್, ಗೋಕುಲ ರಸ್ತೆ, ಹುಬ್ಬಳ್ಳಿ):

ನಡೆಯುವುದಿಲ್ಲ ತಮ್ಮಾ. ಒಂದು ನಿಮಿಷ ದೂರದ ಮಾತು, ಹತ್ತು ಸೆಕೆಂಡೂ ಬೇಡ. ಟರ್ಬೊ ಒಳಗಿನ ಶಾಫ್ಟ್ ಆಯಿಲ್ ಮೇಲೆ ತೇಲುತ್ತಾ ತಿರುಗುತ್ತದೆ. ಲೋಡ್ ಬಿದ್ದಾಗ ಅದು ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ಹಾಕುತ್ತದೆ. ಆಯಿಲ್ ಇಲ್ಲದಿದ್ದರೆ ಬುಷ್ ಮತ್ತು ಶಾಫ್ಟ್ ನೇರವಾಗಿ ಉಜ್ಜುತ್ತವೆ. ಹಾಗೆ ಒಮ್ಮೆ ಉಜ್ಜಿದ ಟರ್ಬೊ ಆಮೇಲೆ ಎಷ್ಟು ಆಯಿಲ್ ಕೊಟ್ಟರೂ ಸರಿಯಾಗುವುದಿಲ್ಲ. ಜೊತೆಗೆ ಬ್ಲಾಕಿನಿಂದ ಟರ್ಬೊಗೆ ಹೋಗುವ ತೂತು ತೆರೆದೇ ಇರುತ್ತದೆ ನೋಡಿ, ಇದ್ದ ಆಯಿಲ್ ಎಲ್ಲ ಅಲ್ಲಿಂದ ಚಿಮ್ಮಿ ಹೋಗುತ್ತದೆ. ಮೊದಲ ಎಂಜಿನ್ ಹೋಗಿದ್ದು ಆಯಿಲ್ ಇಲ್ಲದೇ ಅಲ್ವಾ? ಎರಡನೆಯದನ್ನೂ ಅದೇ ದಾರಿಗೆ ಕಳಿಸಬೇಡಿ.

ನೆಲದ ಮೇಲೆ ಚಾಲೂ ಮಾಡುವ ಆಸೆಯನ್ನೂ ಬಿಡಿ. ಇದು ಕಾಮನ್ ರೈಲ್ ಎಂಜಿನ್, ಅಂದರೆ ಭಾರೀ ಒತ್ತಡದ ಡೀಸೆಲ್ ಒಂದೇ ಕೊಳವೆಯಿಂದ (ಅದೇ ರೈಲ್) ನಾಲ್ಕೂ ಇಂಜೆಕ್ಟರ್‌ಗೆ ಹೋಗುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಆ ಇಸಿಯುಗೆ ಜೋಡಿಯಾದ ಕೀಲಿ, ಇಷ್ಟೂ ಇಲ್ಲದೆ ಇಂಜೆಕ್ಟರ್ ಬಾಯಿಯೇ ತೆರೆಯುವುದಿಲ್ಲ. ಇವೆಲ್ಲ ನಿಮ್ಮ ಗಾಡಿಯಲ್ಲಿ ಈಗಾಗಲೇ ಇವೆ. ಗುಜರಿಯವರು ಇಸಿಯು ಕೊಟ್ಟಿದ್ದರೂ ಅದನ್ನು ಹಾಕಬೇಡಿ, ನಿಮ್ಮ ಕೀಲಿಯನ್ನು ಅದು ಗುರುತಿಸುವುದಿಲ್ಲ.

ಈಗ ಮುಖ್ಯ ಮಾತು. ಹಳೇ ಎಂಜಿನ್ ಮಾರಿಬಿಟ್ಟಿಲ್ಲ ತಾನೇ? ಮಾರಿಲ್ಲ ಎಂದರೆ ನಿಮಗೆ ಬೇಕಾದ ಬಹುಪಾಲು ಸಾಮಾನು ಅದರ ಮೇಲೇ ಇದೆ. ಆದರೆ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂದು ಗೊತ್ತಿರಬೇಕು. ಬೇರಿಂಗ್ ಸವೆದ ಎಂಜಿನ್‌ನಲ್ಲಿ ಲೋಹದ ಪುಡಿ ಆಯಿಲ್ ಜೊತೆ ಎಲ್ಲ ಕಡೆ ಹೋಗಿರುತ್ತದೆ. ಹಳೇ ಟರ್ಬೊ ಬೇಡ, ಅದೂ ಆಯಿಲ್ ಇಲ್ಲದೇ ಓಡಿದೆ. ಆಯಿಲ್ ಕೂಲರ್ ಬೇಡ. ಅದರೊಳಗಿನ ಸಣ್ಣ ಸಂದಿಗಳಲ್ಲಿ ಕೂತ ಪುಡಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಟರ್ಬೊಗೆ ಆಯಿಲ್ ತರುವ ಪೈಪನ್ನು ಹೊಸದೇ ತನ್ನಿ. ಅದರ ಒಳದಾರಿ ಬಹಳ ಸಣ್ಣದು, ಸುಟ್ಟ ಆಯಿಲ್ ಒಳಗೇ ಗಟ್ಟಿಯಾಗಿರುತ್ತದೆ. ಆಯಿಲ್ ಇಳಿಯುವ ಪೈಪು ದಪ್ಪ. ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದರೆ ಹಳೆಯದೇ ಸಾಕು.

ಡೀಸೆಲ್ ಸಾಮಾನಿನ ಮಾತು ಬೇರೆ. ಆಯಿಲ್ ದಾರಿ, ಡೀಸೆಲ್ ದಾರಿ ಎರಡೂ ಒಂದಕ್ಕೊಂದು ಸೇರುವುದಿಲ್ಲ. ಹಾಗಾಗಿ ನಿಮ್ಮ ಹಳೇ ಇಂಜೆಕ್ಟರ್‌ಗಳು ಕೆಟ್ಟಿರಬೇಕು ಅಂತೇನಿಲ್ಲ. ಒಂದನ್ನು ಮಾತ್ರ ತೆಗೆದು ಹಾಕುವ ಬದಲು ನಾಲ್ಕನ್ನೂ ತೆಗೆಯಿರಿ, 1ನೇ ಸಿಲಿಂಡರಿನದು 1ಕ್ಕೇ, 2ರದು 2ಕ್ಕೇ ಎಂದು ಗುರುತು ಹಾಕಿ. ಬಹಳಷ್ಟು ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರ್ ತಲೆಯ ಮೇಲೆ ಒಂದು ಕೋಡ್ ಇರುತ್ತದೆ, ಅದನ್ನು ಇಸಿಯುಗೆ ಬರೆದಿರುತ್ತಾರೆ. ನಿಮ್ಮ ಇಸಿಯುಗೆ ನಿಮ್ಮ ಇಂಜೆಕ್ಟರ್‌ಗಳ ಪರಿಚಯ ಮೊದಲೇ ಇದೆ. ಅದೇ ಜಾಗಕ್ಕೆ ಹಾಕಿದರೆ ಆ ತಲೆನೋವೇ ಇಲ್ಲ. ಹಾಕುವ ಮೊದಲು ಪಂಪ್-ನೋಝಲ್ ಅಂಗಡಿಯಲ್ಲಿ ನಾಲ್ಕನ್ನೂ ಟೆಸ್ಟ್ ಮಾಡಿಸಿ. ಕೆಳಗಿನ ತಾಮ್ರದ ವಾಷರ್ ಹೊಸದು ಹಾಕಿ. ಹಳೇ ವಾಷರ್ ತೂತಿನ ತಳಕ್ಕೆ ಅಂಟಿಕೊಂಡಿರುತ್ತದೆ. ಕಾಣದೆ ಅದರ ಮೇಲೇ ಇನ್ನೊಂದು ಹಾಕಿಬಿಡುತ್ತಾರೆ, ಆಗ ಇಂಜೆಕ್ಟರ್ ಎತ್ತರ ಕೂತು ಸ್ಟಾರ್ಟಿಂಗ್ ತ್ರಾಸ ಕೊಡುತ್ತದೆ. ಟಾರ್ಚ್ ಹಿಡಿದು ನೋಡಿ.

ಇಷ್ಟಕ್ಕೂ ಮೊದಲು ಎಂಜಿನ್ ಒಳಗೆ ಏನಿದೆ ನೋಡಿ. ನಮ್ಮ ಕಡೆ ಎರೆ ಮಣ್ಣಿನ ಧೂಳು ಎಂಥದ್ದು ಅಂತ ನಿಮಗೇ ಗೊತ್ತು, ಬಾಯಿ ತೆರೆದ ಎಂಜಿನ್ ಒಳಗೆ ಹಿಟ್ಟಿನ ಹಾಗೆ ಕೂರುತ್ತದೆ. ಇಲಿ ಹೊಕ್ಕಿದ್ದರೂ ಆಶ್ಚರ್ಯವಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಆಯಿಲ್ ಜಾಲರಿ ಸ್ವಚ್ಛ ಮಾಡಿ. ಈ ಎಂಜಿನ್‌ಗೆ ಟೈಮಿಂಗ್ ಚೈನ್ ಇದೆ, ಹಿಂದಿನ ಮಾಲೀಕ ಆಯಿಲ್ ಬದಲಿಸದೇ ಓಡಿಸಿದ್ದರೆ ಚೈನ್ ಉದ್ದವಾಗಿರುತ್ತದೆ. ಎಂಜಿನ್ ಕೆಳಗಿರುವಾಗಲೇ ಚೈನ್ ಬದಲಿಸುವುದು ಸುಲಭ. ಗಾಡಿಗೆ ಕೂರಿಸಿದ ಮೇಲೆ ಅದೇ ಕೆಲಸಕ್ಕೆ ಎರಡು ದಿನ ಬೇಕು. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಮಾತ್ರ, ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಉಲ್ಟಾ ತಿರುಗಿಸಬೇಡಿ, ಚೈನ್ ಸಡಿಲಾಗಿ ಹಲ್ಲು ದಾಟುವ ಭಯ ಇದೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ.

ಟರ್ಬೊ ಶಾಫ್ಟ್ ಹಿಡಿದು ನೋಡಿ. ಅಕ್ಕಪಕ್ಕ ಸ್ವಲ್ಪ ಅಲುಗಾಡಿದರೆ ತಪ್ಪಲ್ಲ, ಆಯಿಲ್‌ಗೆ ಅಷ್ಟು ಜಾಗ ಬೇಕು. ಆದರೆ ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾಗಬಾರದು. ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಆ ಟರ್ಬೊ ಬೇಡ.

ಪೈಪ್ ಕೂರಿಸುವಾಗ ಗ್ಯಾಸ್ಕೆಟ್ ಪೇಸ್ಟ್ ಬಳಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಮ್ಮೆ ಕಣ್ಣಾರೆ ನೋಡಿದ್ದೇನೆ. ಬೇರೆಲ್ಲೋ ಹೊಸ ಟರ್ಬೊ ಹಾಕಿಸಿಕೊಂಡ ಗಾಡಿಯೊಂದು ಒಂದೇ ವಾರಕ್ಕೆ ನೀಲಿ ಹೊಗೆ ಬಿಡುತ್ತಾ ನಮ್ಮಲ್ಲಿಗೆ ಬಂತು. ಆಯಿಲ್ ಇಳಿಯುವ ಪೈಪ್ ಬಿಚ್ಚಿದೆ. ಒಳಗೆ ಕೆಂಪು ಪೇಸ್ಟಿನ ತುಂಡು, ಹುರುಳಿ ಕಾಳಿನಷ್ಟು ದೊಡ್ಡದು, ಬಾಯಿಗೆ ಅಡ್ಡ ಕೂತಿತ್ತು. ಕೂರಿಸುವಾಗ ಹೆಚ್ಚಾದ ಪೇಸ್ಟ್ ಒಳಗೆ ಉಬ್ಬಿ ಕಿತ್ತು ಬಂದದ್ದು. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು, ಅದನ್ನು ತಳ್ಳುವ ಪಂಪ್ ಇಲ್ಲ. ದಾರಿ ಅರ್ಧ ಮುಚ್ಚಿದರೂ ಆಯಿಲ್ ಮೇಲೆ ತುಂಬಿ ಸೀಲ್ ದಾಟುತ್ತದೆ. ಗ್ಯಾಸ್ಕೆಟ್, ತಾಮ್ರದ ವಾಷರ್ ಹೊಸದು ಹಾಕಿದರೆ ಪೇಸ್ಟ್ ಯಾಕೆ ಬೇಕು ಹೇಳಿ?

ಮತ್ತೆ ಪ್ರಶ್ನೆ (ಅವರೇ):

ಹಳೇ ಎಂಜಿನ್ ಇದೆ ಅಣ್ಣಾ, ಮಾರಿಲ್ಲ. ನೀವು ಹೇಳಿದ್ದು ಒಳ್ಳೆಯದಾಯಿತು, ನಾಳೆ ಗುಜರಿಗೆ ಹಾಕುವವರಿದ್ದೆವು. ಇನ್ನೊಂದು ಕೇಳಬೇಕು. ಡೀಸೆಲ್ ಲೈನಿನಲ್ಲಿ ಗಾಳಿ ಇರುತ್ತದಲ್ಲ, ಟ್ರ್ಯಾಕ್ಟರಿಗೆ ಮಾಡುವ ಹಾಗೆ ಇಂಜೆಕ್ಟರ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯೋಣ ಅಂತ ಮಾವನ ಮಗ ಹೇಳುತ್ತಿದ್ದಾನೆ. ಮಾಡಬಹುದಾ?

ಉತ್ತರ:

ಅವರಿಗೆ ದಯವಿಟ್ಟು ಈ ಸಾಲನ್ನು ತೋರಿಸಿ: ಕಾಮನ್ ರೈಲ್ ಎಂಜಿನ್‌ನಲ್ಲಿ ಆ ನಟ್ ಮುಟ್ಟಬಾರದು. ಹಳೇ ಪಂಪಿನ ಟ್ರ್ಯಾಕ್ಟರಿಗೆ ಅದು ಸರಿಯಾದ ಪದ್ಧತಿ. ಇಲ್ಲಿ ರೈಲ್ ಒಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಬಂದ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಜಾಸ್ತಿ ಇರುವುದಿಲ್ಲ. ಆದರೆ ತಡ ಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ತಕ್ಷಣ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಗಾಳಿ ತೆಗೆಯಲು ಫಿಲ್ಟರ್ ಹತ್ತಿರದ ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ, ಉಳಿದದ್ದು ರಿಟರ್ನ್ ದಾರಿಯಲ್ಲಿ ತಾನೇ ಹೋಗುತ್ತದೆ.

ಮೊದಲ ಸ್ಟಾರ್ಟ್ ಹೀಗೆ ಮಾಡಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಈ ಎಂಜಿನ್‌ಗೆ ಹಿಡಿಯುವುದೇ 3 ಲೀಟರ್ ಆಸುಪಾಸು, ಗೇಜ್ ನೋಡಿ ತುಂಬಿ, ಮೇಲಿನ ಗುರುತು ದಾಟಿಸಬೇಡಿ. ಟರ್ಬೊ ಮೇಲಿನ ಆಯಿಲ್ ತೂತಿಗೆ ಸಣ್ಣ ಎಣ್ಣೆ ಡಬ್ಬಿಯಿಂದ ಹೊಸ ಆಯಿಲ್ ಬಿಟ್ಟು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಆಮೇಲೆ ಪೈಪ್ ಕೂರಿಸಿ. ನಾಲ್ಕೂ ಇಂಜೆಕ್ಟರ್‌ಗಳ ವೈರ್ ಕನೆಕ್ಟರ್ ತೆಗೆದಿಡಿ. ಟರ್ಬೊದಿಂದ ಇಳಿಯುವ ಪೈಪಿನ ಕೆಳಗಿನ ಬಾಯಿ ಬಿಚ್ಚಿ, ಅಡಿಯಲ್ಲಿ ಒಂದು ಡಬ್ಬಿ ಇಡಿ. ಈಗ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹತ್ತು ಸೆಕೆಂಡ್. ಆಯಿಲ್ ಲೈಟ್ ಆರಬೇಕು, ಡಬ್ಬಿಗೆ ಆಯಿಲ್ ಬೀಳುವುದು ಕಣ್ಣಿಗೆ ಕಾಣಬೇಕು. ಅಲ್ಲಿವರೆಗೆ ಸ್ಟಾರ್ಟ್ ಮಾಡುವ ಮಾತೇ ಬೇಡ. ಬಿದ್ದ ಮೇಲೆ ಪೈಪ್ ಕೂರಿಸಿ, ಕನೆಕ್ಟರ್ ಹಾಕಿ.

ಇನ್ನೊಂದು, ಕೈಗೆ ಸಿಗುವ ಹಾಗೆ ಒಂದು ಪ್ಲೈವುಡ್ ತುಂಡು ಇಟ್ಟುಕೊಳ್ಳಿ. ಗುಜರಿ ಟರ್ಬೊದ ಸೀಲ್ ಹೋಗಿದ್ದರೆ ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರು ಮಾಡುತ್ತದೆ. ಆಗ ಕೀಲಿ ತೆಗೆದರೂ ನಿಲ್ಲುವುದಿಲ್ಲ, ಸದ್ದು ಏರುತ್ತಲೇ ಹೋಗುತ್ತದೆ. ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಮುಚ್ಚಿದರೆ ಉಸಿರು ಸಿಗದೆ ನಿಲ್ಲುತ್ತದೆ. ಕೈಯಾಗಲಿ ಬಟ್ಟೆಯಾಗಲಿ ಒಡ್ಡಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಒಬ್ಬರು ಕೀಲಿ ಹತ್ತಿರ, ಒಬ್ಬರು ಹಲಗೆ ಹತ್ತಿರ ಇರಿ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಆಕ್ಸಿಲರೇಟರ್ ತುಳಿಯಬೇಡಿ.

ನಡುವೆ ಒಂದು ಪ್ರಶ್ನೆ (ಬ್ಯಾಡಗಿಯಿಂದ):

ಪೆಟ್ರೋಲ್ ಟರ್ಬೊ ಎಂಜಿನ್‌ಗೂ ಇದೇ ಪದ್ಧತಿಯಾ ಸರ್?

ಉತ್ತರ:

ಆಯಿಲ್ ಮಟ್ಟಿಗೆ ಇದೇ. ಪೆಟ್ರೋಲ್ ಎಂಜಿನ್‌ನ ಹೊಗೆ ಇನ್ನೂ ಬಿಸಿ. ಅದಕ್ಕೇ ಬಹಳಷ್ಟು ಪೆಟ್ರೋಲ್ ಟರ್ಬೊಗಳಿಗೆ ಆಯಿಲ್ ಜೊತೆ ಕೂಲೆಂಟ್ ಪೈಪೂ ಇರುತ್ತದೆ. ಗುಜರಿಯವರು ಅದನ್ನೂ ಕತ್ತರಿಸಿರುತ್ತಾರೆ, ಮರೆಯದೆ ನೋಡಿ. ಸೆಲ್ಫ್ ಹೊಡೆಯುವಾಗ ಇಂಜೆಕ್ಟರ್ ಜೊತೆ ಇಗ್ನಿಷನ್ ಕಾಯಿಲ್ ಕನೆಕ್ಟರ್‌ಗಳನ್ನೂ ತೆಗೆಯಿರಿ.

ಮೂರು ವಾರದ ಮೇಲೆ (ಲಕ್ಷ್ಮೇಶ್ವರದವರು):

ಅಣ್ಣಾರೇ, ಎಂಜಿನ್ ಚಾಲೂ ಆಯಿತು! ನೀವು ಹೇಳಿದ್ದು ನಿಜ, ಮ್ಯಾನಿಫೋಲ್ಡ್ ಒಳಗೆ ಒಂದು ಹಿಡಿ ಜೋಳದ ಹೊಟ್ಟು, ಹತ್ತಿ, ಇಲಿ ಹಿಕ್ಕೆ ಇತ್ತು. ನೋಡದೆ ಸೆಲ್ಫ್ ಹೊಡೆದಿದ್ದರೆ ಎಲ್ಲ ಸಿಲಿಂಡರ್ ಒಳಗೆ ಹೋಗುತ್ತಿತ್ತು. ಆಯಿಲ್ ನಾಲ್ಕನೇ ಸಲಕ್ಕೆ ಡಬ್ಬಿಗೆ ಬಿತ್ತು. ಇಂಜೆಕ್ಟರ್ ನಾಲ್ಕೂ ನಮ್ಮವೇ ಹಾಕಿದೆವು. ಮೊದಲು ಬಿಳಿ ಹೊಗೆ ಬಂತು, ಹತ್ತು ನಿಮಿಷಕ್ಕೆ ನಿಂತಿತು. ಸದ್ದು ಚೆನ್ನಾಗಿದೆ. ಆದರೆ ಗಾಡಿಗೆ ಪಿಕಪ್ ಇಲ್ಲ. ಶಿಗ್ಗಾಂವಿ ರಸ್ತೆಯಲ್ಲಿ ಏರು ಬಂದರೆ ಕಪ್ಪು ಹೊಗೆ ಬಿಡುತ್ತದೆ, ಬುಸ್ ಅಂತ ಗಾಳಿ ಸದ್ದು ಕೇಳುತ್ತದೆ. ಟರ್ಬೊ ಹೋಯಿತಾ?

ಉತ್ತರ:

ಬಹಳ ಸಂತೋಷವಾಯಿತು. ಟರ್ಬೊ ಹೋಗಿಲ್ಲ, ಗಾಳಿ ಸೋರುತ್ತಿದೆ. ಡೀಸೆಲ್ ಬೀಳುತ್ತಿದೆ, ಅದಕ್ಕೆ ತಕ್ಕ ಗಾಳಿ ಸಿಲಿಂಡರ್ ಮುಟ್ಟುತ್ತಿಲ್ಲ, ಅದಕ್ಕೇ ಕಪ್ಪು ಹೊಗೆ. ಟರ್ಬೊದಿಂದ ಮ್ಯಾನಿಫೋಲ್ಡ್‌ವರೆಗಿನ ರಬ್ಬರ್ ಹೋಸ್‌ಗಳನ್ನು ಬಿಚ್ಚಿ ಬಗ್ಗಿಸಿ ನೋಡಿ. ಸೀಳು ಸಾಮಾನ್ಯವಾಗಿ ಕ್ಲಾಂಪ್ ಕೆಳಗೇ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ಹೊರಗೆ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ ಜಾಗವೇ ಸೋರುವ ಜಾಗ. ಸೋಪಿನ ನೀರು ಹಾಕಿ, ಇನ್ನೊಬ್ಬರು ಆಕ್ಸಿಲರೇಟರ್ ಕೊಟ್ಟರೆ ನೊರೆ ಬರುತ್ತದೆ.

ಹಾಗೇ ಟರ್ಬೊ ಪಕ್ಕದ ಆಕ್ಚುಯೇಟರ್‌ಗೆ (ವೇಸ್ಟ್‌ಗೇಟ್ ಬಾಗಿಲನ್ನು ಎಳೆಯುವ ಡಬ್ಬಿ) ಹೋಗುವ ಸಣ್ಣ ರಬ್ಬರ್ ಪೈಪ್ ಇದೆಯಾ ನೋಡಿ. ಪೆನ್ಸಿಲ್ ದಪ್ಪ ಇರುತ್ತದೆ, ಗುಜರಿಯಲ್ಲಿ ಮೊದಲು ಕಳೆಯುವುದೇ ಅದು. ಅದು ಇಲ್ಲದಿದ್ದರೆ ಹೆಚ್ಚಾದ ಹೊಗೆಯನ್ನು ಟರ್ಬೊ ದಾಟಿಸಿ ಹೊರಬಿಡುವ ವೇಸ್ಟ್‌ಗೇಟ್ ತೆರೆಯುವುದಿಲ್ಲ. ನೀವು ದೊಡ್ಡ ಹೋಸ್ ಸರಿ ಮಾಡಿದ ದಿನವೇ ಒತ್ತಡ ಮಿತಿ ಮೀರಿ, ಚೆಕ್ ಲೈಟ್ ಹತ್ತಿ ಎಂಜಿನ್ ಶಕ್ತಿ ಇಳಿಸಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ. 500 ಕಿಲೋಮೀಟರ್‌ಗೆ ಆಯಿಲ್, ಫಿಲ್ಟರ್ ಮತ್ತೆ ಬದಲಿಸಿ.

ಆರ್‌ಸಿ ಕೆಲಸ ಬಾಕಿ ಇದ್ದರೆ ತಡ ಮಾಡಬೇಡಿ. ಎಂಜಿನ್ ನಂಬರ್ ಬದಲಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಮೊದಲೇ ಒಪ್ಪಿಗೆ ಪಡೆಯದೆ ಎಂಜಿನ್ ಬದಲಿಸಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಿಮ್ಮದು ಗದಗ ಕಚೇರಿ. ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಬಿಲ್ ತೆಗೆದುಕೊಂಡಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹುಬ್ಬಳ್ಳಿಗೆ ಬಂದು ಬರೆಸಿಕೊಳ್ಳಿ. ಬರುವಾಗ ಆ ಹೋಸನ್ನೂ ತನ್ನಿ, ಅಳತೆ ನೋಡಿ ಹೊಸದು ಕೊಡಿಸುತ್ತೇನೆ.