ಸಿವಿಕ್ 1.8: 5,500 ಆರ್‌ಪಿಎಂ ದಾಟಿದರೂ ವಿಟೆಕ್ ‘ಕಿಕ್’ ಇಲ್ಲ, ಸಾಲೆನಾಯ್ಡ್ ಬದಲಿಸಬೇಕಾ?

ದಾವಣಗೆರೆ_ಸಿವಿಕ್:
ಎಲ್ಲರಿಗೂ ನಮಸ್ಕಾರ. ನನ್ನದು 2008ರ ಹೋಂಡಾ ಸಿವಿಕ್ 1.8, ಮ್ಯಾನುಯಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿಡಿಯೊಗಳಲ್ಲಿ ನೋಡಿದರೆ ಹೋಂಡಾ ಕಾರುಗಳು 5,500 ದಾಟುತ್ತಿದ್ದ ಹಾಗೆ ಸದ್ದೇ ಬದಲಾಗಿ ಒಮ್ಮೆಲೇ ಮುಂದಕ್ಕೆ ನುಗ್ಗುತ್ತವೆ. ನನ್ನ ಗಾಡಿ ಕೆಳಗಿನಿಂದ ಮೇಲಿನವರೆಗೂ ಒಂದೇ ಸಮನೆ ಎಳೆಯುತ್ತದೆ. ಗ್ಯಾರೇಜಿನವರು ವಿಟೆಕ್ ಸಾಲೆನಾಯ್ಡ್ (ವಿಟೆಕ್ ಅಂದರೆ ವಾಲ್ವ್ ತೆರೆದು ಮುಚ್ಚುವ ರೀತಿ ಬದಲಿಸುವ ಹೋಂಡಾ ವ್ಯವಸ್ಥೆ, ಸಾಲೆನಾಯ್ಡ್ ಅದಕ್ಕೆ ಆಯಿಲ್ ಬಿಡುವ ವಿದ್ಯುತ್ ವಾಲ್ವ್) ಹೋಗಿದೆ, ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ಚೆಕ್ ಎಂಜಿನ್ ಲೈಟ್ ಉರಿಯುತ್ತಿಲ್ಲ. ಹೈವೇ ಮೈಲೇಜ್ ಚೆನ್ನಾಗಿಯೇ ಇದೆ. ದುಡ್ಡು ಸುರಿಯುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಸ್ಪ್ಯಾನರ್_ಮಲೆನಾಡು:
ಸದ್ಯಕ್ಕೆ ಏನೂ ಬದಲಿಸಬೇಡಿ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಆಮೇಲೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ. ಈ ಎಂಜಿನ್‌ನಲ್ಲಿ ವಿಟೆಕ್ ಕೈಕೊಟ್ಟರೆ ಸಾಮಾನ್ಯವಾಗಿ ಪಿ2646 ಅಥವಾ ಪಿ2647 ಕೋಡ್ ಬರುತ್ತದೆ. ಸಾಲೆನಾಯ್ಡ್ ತೆರೆದಾಗ ಆಯಿಲ್ ಒತ್ತಡ ಬಂತಾ ಇಲ್ಲವಾ ಅಂತ ನೋಡಲು ಅಲ್ಲೇ ಒಂದು ಪ್ರೆಷರ್ ಸ್ವಿಚ್ ಇದೆ, ಅದು ಸುಮ್ಮನಿರುವುದಿಲ್ಲ. ಪಿ2646 ಬಂದ ಗಾಡಿಗಳಲ್ಲಿ ಎಷ್ಟೋ ಸಲ ಆಯಿಲ್ ಕಡಿಮೆಯಾಗಿರುತ್ತದೆ, ಅಷ್ಟೇ.

ಟಾರ್ಕ್_ಕರ್ವ್:
ನಿಮ್ಮ ಗಾಡಿಯಲ್ಲಿ ಆ ಕಿಕ್ ಇರುವುದೇ ಇಲ್ಲ. ಹೋಂಡಾ ಅದನ್ನು ಇಟ್ಟಿಲ್ಲ.

ನಮ್ಮಲ್ಲಿ ಬಂದ 1.8 ಎಂಜಿನ್ ಆರ್18. ವಿಡಿಯೊದಲ್ಲಿ ಕೂಗುವುದು ಬಿ16, ಬಿ18, ಕೆ20 ಥರದ ಎಂಜಿನ್‌ಗಳು. ಎರಡಕ್ಕೂ ವಿಟೆಕ್ ಅಂತಲೇ ಹೆಸರು, ಆದರೆ ಕೆಲಸ ಬೇರೆ. ಅವುಗಳಲ್ಲಿ ವಿಟೆಕ್ ಹೆಚ್ಚು ಆರ್‌ಪಿಎಂನಲ್ಲಿ ಚಿಕ್ಕ ಕ್ಯಾಮ್‌ನಿಂದ ದೊಡ್ಡ ಕ್ಯಾಮ್‌ಗೆ ಬದಲಾಯಿಸುತ್ತದೆ (ಕ್ಯಾಮ್ ಅಂದರೆ ವಾಲ್ವ್ ಒತ್ತಿ ತೆರೆಯುವ ಉಬ್ಬು). ಆರ್18ರಲ್ಲಿ ವಿಟೆಕ್ ಸೇರಿಕೊಳ್ಳುವುದು ಸುಮಾರು 1,000ದಿಂದ 3,500 ಆರ್‌ಪಿಎಂ ಒಳಗೆ, ಅದೂ ನೀವು ಹಗುರವಾಗಿ ಕಾಲಿಟ್ಟು ಓಡಿಸುವಾಗ. ಆಗ ಒಂದು ಇನ್‌ಟೇಕ್ ವಾಲ್ವ್ ಬೇಕಂತಲೇ ತಡವಾಗಿ ಮುಚ್ಚುತ್ತದೆ. ಒಳಗೆ ಬಂದ ಗಾಳಿಯಲ್ಲಿ ಸ್ವಲ್ಪ ಭಾಗ ಮ್ಯಾನಿಫೋಲ್ಡ್‌ಗೆ (ಗಾಳಿ ಒಳಗೆ ತರುವ ಕೊಳವೆಗೆ) ವಾಪಸ್ ಹೋಗುತ್ತದೆ. ಗಾಳಿ ಕಡಿಮೆ ಮಾಡುವ ಕೆಲಸವನ್ನು ವಾಲ್ವೇ ಮಾಡಿದ್ದರಿಂದ ಥ್ರಾಟಲ್ (ಗಾಳಿ ಬರುವ ದಾರಿಯ ಬಾಗಿಲು) ಜಾಸ್ತಿ ತೆರೆದುಕೊಂಡಿರಬಹುದು. ಇಲ್ಲದಿದ್ದರೆ ಪಿಸ್ಟನ್‌ಗಳು ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆಯಬೇಕು, ಸಿರಿಂಜ್ ಬಾಯಿಗೆ ಬೆರಳಿಟ್ಟು ಎಳೆದ ಹಾಗೆ. ಆ ಪಂಪಿಂಗ್ ನಷ್ಟ ಶೇ. 16ರವರೆಗೆ ಇಳಿಯುತ್ತದೆ ಅಂತ ಹೋಂಡಾ ಹೇಳಿತ್ತು. ಪೆಡಲ್ ಒತ್ತಿದ ಕೂಡಲೇ ಮಾಮೂಲಿ ಕ್ಯಾಮ್‌ಗೆ ಮರಳುತ್ತದೆ. ಅಂದರೆ 5,500ರಲ್ಲಿ ನೀವು ಹುಡುಕುತ್ತಿರುವುದು ಅಲ್ಲಿಗೆ ಬರುವಷ್ಟರಲ್ಲಿ ಆಫ್ ಆಗಿರುತ್ತದೆ.

ಪರೀಕ್ಷೆ ಮಾಡಬೇಕಾ? ಒಬಿಡಿ ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ಮತ್ತು ಥ್ರಾಟಲ್ ಶೇಕಡಾವಾರು ತೆರೆದಿಡಿ. ಓದುವ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ. ಸಮತಟ್ಟಾದ ರಸ್ತೆಯಲ್ಲಿ ಐದನೇ ಗೇರ್, ಒಂದೇ ವೇಗ. ಕಾಲು ಅಲ್ಲಾಡಿಸದಿದ್ದರೂ ಎರಡೂ ಒಟ್ಟಿಗೆ ಏರಿದರೆ ವಿಟೆಕ್ ಸೇರಿತು ಅಂತ ಅರ್ಥ.

ದಾವಣಗೆರೆ_ಸಿವಿಕ್:
ಇದು ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ಇನ್ನೊಂದು ಪ್ರಶ್ನೆ. ಆ ಬೇರೆ ಎಂಜಿನ್‌ಗಳಲ್ಲಾದರೂ 5,500 ಯಾಕೆ? ದೊಡ್ಡ ಕ್ಯಾಮ್ ಅಷ್ಟು ಒಳ್ಳೆಯದಾದರೆ 3,000ಕ್ಕೇ ಸೇರಿಸಬಹುದಿತ್ತು ಅಲ್ವಾ?

ಟಾರ್ಕ್_ಕರ್ವ್:
ದೊಡ್ಡ ಕ್ಯಾಮ್ 3,000ದಲ್ಲಿ ಒಳ್ಳೆಯದಲ್ಲ. ಅದು ಇನ್‌ಟೇಕ್ ವಾಲ್ವನ್ನು ಜಾಸ್ತಿ ಎತ್ತುತ್ತದೆ, ಜಾಸ್ತಿ ಹೊತ್ತು ತೆರೆದಿಡುತ್ತದೆ, ತಡವಾಗಿ ಮುಚ್ಚುತ್ತದೆ. 7,000ದಲ್ಲಿ ಗಾಳಿಗೆ ಎಷ್ಟು ವೇಗ ಇರುತ್ತದೆ ಅಂದರೆ ಪಿಸ್ಟನ್ ಮೇಲೆ ಬರತೊಡಗಿದರೂ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ, ಹಾಗಾಗಿ ತಡ ಮಾಡಿದಷ್ಟೂ ಲಾಭ. 3,000ದಲ್ಲಿ ಆ ವೇಗ ಇಲ್ಲ. ತುಂಬಿದ್ದನ್ನು ಪಿಸ್ಟನ್ ವಾಪಸ್ ತಳ್ಳಿಬಿಡುತ್ತದೆ, ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಬೀಳುತ್ತದೆ.

ಈಗ ಎರಡು ಟಾರ್ಕ್ ಗೆರೆ ಊಹಿಸಿಕೊಳ್ಳಿ, ಒಂದು ಚಿಕ್ಕ ಕ್ಯಾಮ್‌ದು, ಒಂದು ದೊಡ್ಡದರದು. ಚಿಕ್ಕದು ಮೊದಲು ಏರಿ ಬೇಗ ಇಳಿಯುತ್ತದೆ, ದೊಡ್ಡದು ನಿಧಾನಕ್ಕೆ ಏರುತ್ತದೆ. ಇವೆರಡೂ ಒಂದನ್ನೊಂದು ದಾಟುವ ಜಾಗ ಇದೆಯಲ್ಲ, ಬದಲಾಯಿಸಬೇಕಾದದ್ದು ಅಲ್ಲೇ. ಸರಿಯಾಗಿ ಅಲ್ಲೇ ಬದಲಾಯಿಸಿದರೆ ಸೀಟಿನಲ್ಲಿ ಕೂತವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ, ಸದ್ದು ಮಾತ್ರ ಬದಲಾಗುತ್ತದೆ. ಬೇಗ ಬದಲಾಯಿಸಿದರೆ ಒಂದು ಕುಸಿತ. ತಡ ಮಾಡಿದರೆ ಜೋರು ಕಿಕ್. ಜನ ಮೆಚ್ಚುವ ಆ ಕಿಕ್‌ನ ದೊಡ್ಡ ಪಾಲು, ಅದಕ್ಕೂ ಮೊದಲು ಚಿಕ್ಕ ಕ್ಯಾಮ್‌ನಲ್ಲಿ ಕಳೆದುಕೊಂಡ ಟಾರ್ಕ್.

ಒಳ್ಳೆಯ ಉದಾಹರಣೆ ಅಮೆರಿಕದ ಹಳೆಯ ಇಂಟೆಗ್ರಾ, ಅದೂ ಹೋಂಡಾ ಕಂಪನಿಯದೇ ಕಾರು. ಜಿಎಸ್-ಆರ್ ಮತ್ತು ಟೈಪ್ ಆರ್, ಎರಡರಲ್ಲೂ 1.8 ಲೀಟರ್ ಬಿ18. ಜಿಎಸ್-ಆರ್‌ನಲ್ಲಿ ವಿಟೆಕ್ 4,400ಕ್ಕೆ, ಟೈಪ್ ಆರ್‌ನಲ್ಲಿ 5,700ಕ್ಕೆ. ಒಂದರದು 7,600ರಲ್ಲಿ 170 ಎಚ್‌ಪಿ, ಇನ್ನೊಂದರದು 8,000ದಲ್ಲಿ 195. ಟೈಪ್ ಆರ್‌ನ ಕ್ಯಾಮ್ ಖಾರ, ಮ್ಯಾನಿಫೋಲ್ಡ್ ಬೇರೆ, ಹಾಗಾಗಿ ಗೆರೆಗಳು ದಾಟುವ ಜಾಗವೇ ಮೇಲಕ್ಕೆ ಹೋಯಿತು. ಅಂಕಿಯನ್ನು ಮೊದಲೇ ಆರಿಸಿ ಎಂಜಿನ್ ಮಾಡಿದ್ದಲ್ಲ. ಎಂಜಿನ್ ಎಲ್ಲಿ ಚೆನ್ನಾಗಿ ಉಸಿರಾಡಬೇಕು ಅಂತ ತೀರ್ಮಾನಿಸಿದರು, ಅಂಕಿ ಅದರ ಹಿಂದೆ ಬಂತು.

ಅದರ ಮೇಲೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ರಾಕರ್ ಆರ್ಮ್‌ಗಳನ್ನು (ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ತೋಳುಗಳನ್ನು) ಜೋಡಿಸುವ ಪಿನ್ ಆಯಿಲ್ ಒತ್ತಡದಿಂದ ಜಾರುತ್ತದೆ, ಅದೂ ವಾಲ್ವ್ ಮುಚ್ಚಿ ಎಲ್ಲ ಆರ್ಮ್‌ಗಳೂ ಸಾಲಾಗಿ ನಿಂತ ಕ್ಷಣದಲ್ಲಿ ಮಾತ್ರ. ತಣ್ಣಗಿದ್ದಾಗ ಆಯಿಲ್ ಮಂದ, ಅದಕ್ಕೇ ಎಂಜಿನ್ ಬಿಸಿಯಾಗುವವರೆಗೆ ಇಸಿಯು (ಎಂಜಿನ್ ಕಂಪ್ಯೂಟರ್) ಬಿಡುವುದಿಲ್ಲ. ವಾಪಸ್ ಬರುವ ಅಂಕಿಯನ್ನು ಹೋಗುವ ಅಂಕಿಗಿಂತ ಸ್ವಲ್ಪ ಕೆಳಗೆ ಇಡುತ್ತಾರೆ, ಇಲ್ಲದಿದ್ದರೆ ಗಡಿಯಲ್ಲಿ ಓಡಿಸುವಾಗ ಪಿನ್ ಒಳಗೆ ಹೊರಗೆ ಆಡುತ್ತಲೇ ಇರುತ್ತದೆ. ಹೊಗೆಯ ನಿಯಮ, ಸದ್ದು, ಮೈಲೇಜ್ ಕೂಡ ಲೆಕ್ಕಕ್ಕೆ ಬರುತ್ತವೆ.

ಗೇರ್ ಬಾಕ್ಸ್ ಮರೆಯಬೇಡಿ. ಟೊಯೊಟಾದ 2ಝಡ್‌ಝಡ್-ಜಿಇ ಎಂಜಿನ್ ದೊಡ್ಡ ಕ್ಯಾಮ್‌ಗೆ ಹೋಗುವುದು 6,200ಕ್ಕೆ. ಸ್ವಲ್ಪ ಬೇಗ ಗೇರ್ ಬದಲಿಸಿದರೆ ಸೂಜಿ ಅದರ ಕೆಳಗೆ ಬೀಳುತ್ತದೆ, ಎಳೆತ ಸತ್ತ ಹಾಗಾಗುತ್ತದೆ.

ಟೊರೊಂಟೊ_ಕೆ20:
ಕೆನಡಾದಿಂದ. ನನ್ನದು ಅದೇ ಪೀಳಿಗೆಯ ಸಿವಿಕ್, ಆದರೆ ಕೆ20 ಎಂಜಿನ್‌ನ ಎಸ್‌ಐ ಮಾದರಿ. ಕಂಪನಿ ವಿಟೆಕ್ ಇಟ್ಟದ್ದು 5,800ರ ಆಸುಪಾಸು. ಹೆಡರ್ (ಹೊಗೆ ಹೊರಹೋಗುವ ಕೊಳವೆ), ಇನ್‌ಟೇಕ್ ಬದಲಿಸಿ ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡಿಸಿದಾಗ ಅದು 5,000ಕ್ಕಿಂತ ಕೆಳಗೆ ಬಂತು. ಮಾಡಿದ್ದು ಸರಳ. ಚಿಕ್ಕ ಕ್ಯಾಮ್‌ನಲ್ಲೇ ಲಾಕ್ ಮಾಡಿ ಒಂದು ಫುಲ್ ಥ್ರಾಟಲ್ ಓಟ, ದೊಡ್ಡದರಲ್ಲೇ ಲಾಕ್ ಮಾಡಿ ಇನ್ನೊಂದು, ಎರಡೂ ಗೆರೆ ಒಂದರ ಮೇಲೊಂದು ಇಟ್ಟು ದಾಟುವ ಜಾಗ ನೋಡಿದರು. ಈಗ ಕಿಕ್ ಕಡಿಮೆ, ಗಾಡಿ ಜೋರು. ಡೈನೊ ಇಲ್ಲದೆ ಅಂದಾಜಿನ ಮೇಲೆ ಅಂಕಿ ಇಳಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಆರ್15_ತುಮಕೂರು:
ಬೈಕ್‌ನಲ್ಲೂ ಇದೇ ಕಥೆ. ಯಮಹಾದ 155 ಸಿಸಿ ಎಂಜಿನ್‌ನಲ್ಲಿ ವಿವಿಎ (ವಿಟೆಕ್ ಥರದ್ದೇ ವ್ಯವಸ್ಥೆ) ಆರ್15ರಲ್ಲಿ 7,400ಕ್ಕೆ, ಏರಾಕ್ಸ್ ಸ್ಕೂಟರಿನಲ್ಲಿ 6,000ಕ್ಕೆ. ಯಾಕೆ ಬೇರೆ ಬೇರೆ ಅಂತ ನನಗೂ ಇತ್ತು. ಒಂದರ ಗರಿಷ್ಠ ಪವರ್ 10,000ದಲ್ಲಿ, ಇನ್ನೊಂದರದು 8,000ದಲ್ಲಿ. ಈಗ ಅರ್ಥವಾಯಿತು.

ದಾವಣಗೆರೆ_ಸಿವಿಕ್:
ನೋಡಿದೆ. ಕೋಡ್ ಏನೂ ಇಲ್ಲ. ಆಯಿಲ್ ಕೆಳಗಿನ ಗುರುತಿನ ಹತ್ತಿರ ಇತ್ತು, ತುಂಬಿಸಿದೆ. ಹರಿಹರದ ಕಡೆ ಹೈವೇಯಲ್ಲಿ ತಮ್ಮನ ಕೈಗೆ ಫೋನ್ ಕೊಟ್ಟು ಓಡಿಸಿದೆ. 80ರಲ್ಲಿ ಕಾಲು ಹಾಗೇ ಇಟ್ಟಿದ್ದರೂ ಒತ್ತಡ, ಥ್ರಾಟಲ್ ಎರಡೂ ಏರಿದವು. ಸ್ವಲ್ಪ ಒತ್ತಿದರೆ ಮತ್ತೆ ಮೊದಲಿನ ಹಾಗೆ. ಎಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಸಾಲೆನಾಯ್ಡ್ ಸುತ್ತ ಮಾತ್ರ ಆಯಿಲ್ ಜಿಡ್ಡು ಕಾಣಿಸುತ್ತಿದೆ.

ಸ್ಪ್ಯಾನರ್_ಮಲೆನಾಡು:
ಹಾಗಾದರೆ ಸಾಲೆನಾಯ್ಡ್ ಕೆಲಸ ಮಾಡುತ್ತಿದೆ. ಜಿಡ್ಡು ಅದರ ಬುಡದ ಗ್ಯಾಸ್ಕೆಟ್‌ನಿಂದ ಬರುತ್ತಿರಬೇಕು, ಹಳೆಯ ಹೋಂಡಾಗಳಲ್ಲಿ ಇದು ಮಾಮೂಲಿ. ಒರೆಸಿ, ಕೆಲವು ದಿನ ಓಡಿಸಿ ನೋಡಿ. ಮತ್ತೆ ಒದ್ದೆಯಾದರೆ ಗ್ಯಾಸ್ಕೆಟ್ ಮಾತ್ರ ಹಾಕಿಸಿ. ಬಿಚ್ಚಿದಾಗ ಅದರಲ್ಲಿರುವ ಚಿಕ್ಕ ಜಾಲರಿಯಲ್ಲಿ ಕಸ ಇದೆಯಾ ನೋಡಲು ಹೇಳಿ.