ವ್ಯಾಲೇಸ್ ಕಾಗದವನ್ನು ಡಾರ್ವಿನ್ ಬಚ್ಚಿಟ್ಟಿದ್ದು ನಿಜವೇ?

ಹಳೇಕಾಗದ:
ಗೊತ್ತಿಲ್ಲದವರಿಗೆ ಮೊದಲು ಕಥೆ ಹೇಳಿಬಿಡುತ್ತೇನೆ. 1858ರ ಫೆಬ್ರವರಿ. ಈಗಿನ ಇಂಡೋನೇಷ್ಯಾದ ಟರ್ನಾಟೆ ದ್ವೀಪ. ಹಕ್ಕಿ, ಕೀಟ ಹಿಡಿದು ಲಂಡನ್ನಿಗೆ ಮಾರಿ ಬದುಕುತ್ತಿದ್ದ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಚಳಿಜ್ವರದಲ್ಲಿ ಮಲಗಿದ್ದಾಗ ಒಂದು ವಿಚಾರ ಹೊಳೆಯಿತು. ಹುಟ್ಟುವ ಜೀವಿಗಳಲ್ಲಿ ಹೆಚ್ಚಿನವು ಸಾಯುತ್ತವೆ, ಪರಿಸರಕ್ಕೆ ಒಗ್ಗುವ ಗುಣ ಇದ್ದವು ಉಳಿಯುತ್ತವೆ, ಹೀಗೇ ಹೊಸ ಪ್ರಭೇದಗಳು ಆಗುತ್ತವೆ ಅಂತ. ಅದನ್ನು ಪ್ರಬಂಧವಾಗಿ ಬರೆದು ಒಂದು ಕಾಗದದ ಜೊತೆ ಚಾರ್ಲ್ಸ್ ಡಾರ್ವಿನ್‌ಗೆ ಕಳಿಸಿದ. ಡಾರ್ವಿನ್ ಅದೇ ವಿಚಾರವನ್ನು ಇಪ್ಪತ್ತು ವರ್ಷದಿಂದ ಮನೆಯಲ್ಲೇ ಇಟ್ಟುಕೊಂಡು ಕೂತಿದ್ದ.

ಡಾರ್ವಿನ್ ಜೂನ್ 18ರಂದು ಭೂವಿಜ್ಞಾನಿ ಲೈಯೆಲ್‌ಗೆ ಬರೆದ ಕಾಗದದಲ್ಲಿ, ಇದು ಇವತ್ತು ಬಂತು ಎನ್ನುತ್ತಾನೆ. ಆದರೆ ವ್ಯಾಲೇಸ್ ಅದೇ ಟರ್ನಾಟೆಯಿಂದ ಫ್ರೆಡರಿಕ್ ಬೇಟ್ಸ್ ಎಂಬವನಿಗೆ ಮಾರ್ಚ್‌ನಲ್ಲಿ ಹಾಕಿದ ಇನ್ನೊಂದು ಕಾಗದ ಉಳಿದಿದೆ. ಅದರ ಮೇಲೆ ಅಂಚೆ ಮುದ್ರೆಗಳಿವೆ. ಅದು ಇಂಗ್ಲೆಂಡಿನ ಲೆಸ್ಟರ್ ಊರಿಗೆ ಜೂನ್ 3ಕ್ಕೇ ಮುಟ್ಟಿದೆ. ಹಾಗಾದರೆ ಡಾರ್ವಿನ್ ಹದಿನೈದು ದಿನ ಏನು ಮಾಡುತ್ತಿದ್ದ? ಇಟ್ಟುಕೊಂಡಿದ್ದ ಅಂತಲೇ ನನ್ನ ಅನಿಸಿಕೆ. ನೀವೇನು ಹೇಳುತ್ತೀರಿ?

ಸಹ್ಯಾದ್ರಿಕೀಟ:
ಎರಡೂ ಕಾಗದ ಒಂದೇ ಹಡಗಿನಲ್ಲಿ ಹೊರಟವು ಎನ್ನುವುದಕ್ಕೆ ಏನು ಸಾಕ್ಷಿ? ನಿಮ್ಮ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ವ್ಯಾಲೇಸ್ ಆ ಪ್ರಬಂಧವನ್ನು ಲೈಯೆಲ್‌ಗೆ ತೋರಿಸಿ ಎಂದು ಡಾರ್ವಿನ್‌ನನ್ನು ಕೇಳಿಕೊಂಡಿದ್ದ. ಯಾಕೆ? 1855ರಲ್ಲಿ ವ್ಯಾಲೇಸ್ ಬರೆದಿದ್ದ ಒಂದು ಲೇಖನ ಲೈಯೆಲ್ ಗಮನಕ್ಕೆ ಬಂದಿದೆ ಎಂದು ಡಾರ್ವಿನ್ 1857ರ ಡಿಸೆಂಬರ್ 22ರ ಕಾಗದದಲ್ಲಿ ಅವನಿಗೆ ತಿಳಿಸಿದ್ದ. ಅದನ್ನು ಓದಿದ ಮೇಲೆ ತಾನೇ ಈ ಬೇಡಿಕೆ ಬರಲು ಸಾಧ್ಯ? ಜಾನ್ ವ್ಯಾನ್ ವೈ ಮತ್ತು ಕೇಸ್ ರೂಕ್‌ಮಾಕರ್ ಎಂಬ ಇಬ್ಬರು ಸಂಶೋಧಕರು 2012ರಲ್ಲಿ ಹಳೇ ಹಡಗಿನ ವೇಳಾಪಟ್ಟಿಗಳನ್ನು ಹುಡುಕಿ ತೆಗೆದರು. ಡಾರ್ವಿನ್ ಕಾಗದ ಟರ್ನಾಟೆಗೆ ಬಂದಿದ್ದು ಮಾರ್ಚ್ 9ರ ಡಚ್ ಹಡಗಿನಲ್ಲಿ. ಅದಕ್ಕೆ ಉತ್ತರ ಹೋಗಿದ್ದು ಮುಂದಿನ ಹಡಗಿನಲ್ಲಿ, ಅಂದರೆ ಏಪ್ರಿಲ್‌ನಲ್ಲಿ. ಅಲ್ಲಿಂದ ಜಾವಾ, ಸಿಂಗಾಪುರ, ಸಿಲೋನಿನ ಗಾಲೆ, ಸೂಯೆಜ್. ಆಗ ಕಾಲುವೆ ಇರಲಿಲ್ಲ, ಅದು ತೆರೆದಿದ್ದು 1869ರಲ್ಲಿ. ಹಾಗಾಗಿ ಟಪಾಲು ನೆಲದ ಮೇಲೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಮತ್ತೆ ಹಡಗು ಹತ್ತಬೇಕು. ಅವರು ಲೆಕ್ಕ ಹಾಕಿದ ಪ್ರಕಾರ ಡಾರ್ವಿನ್ ಮನೆಗೆ ಅದು ಮುಟ್ಟುವುದು ಜೂನ್ 18ಕ್ಕೆ, ಸರಿಯಾಗಿ ಅವನು ಹೇಳಿದ ದಿನಕ್ಕೆ.

ಹಳೇಕಾಗದ:
ಆ ಲೆಕ್ಕವನ್ನು ನಾನೂ ನೋಡಿದ್ದೇನೆ. ಆದರೆ ವ್ಯಾಲೇಸ್ ಸ್ವತಃ ಏನು ಹೇಳುತ್ತಾನೆ? 1905ರ ಆತ್ಮಕಥೆಯಲ್ಲಿ, ಎರಡು ಸಂಜೆ ಕೂತು ಬರೆದೆ, ಒಂದೆರಡು ದಿನದಲ್ಲಿ ಹೊರಡುವ ಟಪಾಲಿಗೆ ಹಾಕಲು ಸಿದ್ಧ ಮಾಡಿದೆ ಎನ್ನುತ್ತಾನೆ. ಏಪ್ರಿಲ್‌ವರೆಗೆ ಕಾದ ಅನ್ನುವ ಮಾತೇ ಅಲ್ಲಿಲ್ಲ. ಮಾರ್ಚ್ 9ಕ್ಕೆ ಬಂದ ಹಡಗಿನಲ್ಲೇ ಉತ್ತರ ಕಳಿಸಬಹುದಿತ್ತು ಎಂದು ವಾದಿಸುವವರೂ ಇದ್ದಾರೆ.

ಇನ್ನೊಂದು ವಿಷಯ. ಆ ಕಾಗದವೂ ಇಲ್ಲ, ಲಕೋಟೆಯೂ ಇಲ್ಲ. ವಿಜ್ಞಾನದ ಇತಿಹಾಸದಲ್ಲೇ ಇಷ್ಟು ದೊಡ್ಡ ಕಾಗದ, ಅದೇ ಕಳೆದುಹೋಯಿತು ಅಂದರೆ ಹೇಗೆ ನಂಬುವುದು?

ಸಹ್ಯಾದ್ರಿಕೀಟ:
ಆತ್ಮಕಥೆ ಬರೆದಿದ್ದು 47 ವರ್ಷ ಆದಮೇಲೆ. ಹಡಗಿನ ವೇಳಾಪಟ್ಟಿ ಅದೇ ಕಾಲದ್ದು. ನಾನು ವೇಳಾಪಟ್ಟಿಯನ್ನೇ ನಂಬುತ್ತೇನೆ.

ನೀಲಿಶಾಯಿ:
ಕಾಗದ ಯಾಕೆ ಉಳಿದಿಲ್ಲ ಎನ್ನುವುದಕ್ಕೆ ಉತ್ತರ ಡಾರ್ವಿನ್ ಮಗ ಫ್ರಾನ್ಸಿಸ್ ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ಅನುಮಾನ ಅರ್ಧ ಕರಗುತ್ತದೆ.

ನಮ್ಮ ಹಳೇ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ತಂತಿಗೆ ಚುಚ್ಚಿ ಇಡುತ್ತಿದ್ದರಲ್ಲ, ಡಾರ್ವಿನ್ ಮಾಡುತ್ತಿದ್ದುದೂ ಅದೇ. ಅವನ ಹತ್ತಿರ ಅಂಥ ಕಂಬಿಗಳು ಕೆಲವೇ ಇದ್ದವು. ಎಲ್ಲ ತುಂಬಿದಾಗ ಹಲವು ವರ್ಷದ ಕಾಗದಗಳನ್ನು ಒಟ್ಟಿಗೆ ತೆಗೆದು ಸುಟ್ಟುಬಿಡುತ್ತಿದ್ದ, ಕಂಬಿ ಖಾಲಿಯಾಗಲಿ ಅಂತ. ಹೀಗೆ 1862ಕ್ಕೆ ಮುಂಚೆ ಬಂದ ಕಾಗದಗಳಲ್ಲಿ ಹೆಚ್ಚಿನವು ಬೂದಿಯಾದವು. ಆಮೇಲೆ ಯಾರೋ ಹೇಳಿ ಒಪ್ಪಿಸಿದ್ದಕ್ಕೆ ಮುಖ್ಯವಾದವನ್ನು ಇಟ್ಟುಕೊಳ್ಳಲು ಶುರು ಮಾಡಿದ. ಆ ಜೂನ್‌ನಲ್ಲಿ ಲೈಯೆಲ್ ಮತ್ತು ಸಸ್ಯವಿಜ್ಞಾನಿ ಹುಕರ್ ಅವನಿಗೆ ಬರೆದ ಕಾಗದಗಳೂ ಇಲ್ಲ. ಅವನ್ನೂ ಬೇಕಂತಲೇ ಮುಚ್ಚಿಟ್ಟ ಅನ್ನೋಣವೇ?

ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಡಾರ್ವಿನ್ ಬರೆದಿದ್ದು ಪಡೆದವರ ಮನೆಯಲ್ಲಿ ಜೋಪಾನವಾಗಿ ಉಳಿಯಿತು. ಅವನಿಗೆ ಬಂದಿದ್ದು ಒಲೆಗೆ ಹೋಯಿತು. ಹೀಗಾಗಿ 1858ರ ಜೂನ್ ಕಥೆಯನ್ನು ನಾವು ಓದುತ್ತಿರುವುದೇ ಒಬ್ಬನ ಬಾಯಲ್ಲಿ.

ಗಣಿತಮೇಷ್ಟ್ರು:
ಹದಿನೈದು ದಿನ ಇಟ್ಟುಕೊಂಡಿದ್ದ ಅಂತಲೇ ಇಟ್ಟುಕೊಳ್ಳಿ. ಕದಿಯಲು ಅದರಲ್ಲಿ ಏನಿತ್ತು? 1844ರಲ್ಲೇ ಡಾರ್ವಿನ್ ದೊಡ್ಡ ಪ್ರಬಂಧ ಬರೆದು ಮುಗಿಸಿದ್ದ. ಹುಕರ್ ಅದನ್ನು ಓದಿದ್ದ. ಅದೇ ವರ್ಷ ಜನವರಿಯಲ್ಲಿ ಹುಕರ್‌ಗೆ, ಪ್ರಭೇದಗಳು ಬದಲಾಗುತ್ತವೆ ಎಂದು ಹೇಳುವುದು ಕೊಲೆ ಮಾಡಿದೆ ಎಂದು ಒಪ್ಪಿಕೊಂಡಂತೆ ಎಂದು ಬರೆದಿದ್ದ. ಒಂದೇ ಮೂಲದಿಂದ ಬಂದ ಜೀವಿಗಳು ಕವಲೊಡೆದು ದೂರವಾಗುವ ವಿಚಾರವನ್ನು ವ್ಯಾಲೇಸ್‌ನಿಂದ ಎತ್ತಿಕೊಂಡ ಅನ್ನುವವರಿದ್ದಾರೆ. ಅದೂ 1857ರ ಸೆಪ್ಟೆಂಬರ್ 5ರಂದು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಕಳಿಸಿದ ಕಾಗದದಲ್ಲಿ ಇದೆ. ಟರ್ನಾಟೆಯ ಜ್ವರಕ್ಕಿಂತ ಐದು ತಿಂಗಳು ಮುಂಚೆ.

ಅಚ್ಚಾಗದೆ ಇದ್ದ ವಿಚಾರಕ್ಕೆ ತಾರೀಖಿನ ಸಮೇತ ಸಾಕ್ಷಿ ಕೊಟ್ಟಿದ್ದು ಇಂಥ ಖಾಸಗಿ ಕಾಗದಗಳೇ. ಕದ್ದ ಅನ್ನುವ ಆರೋಪ ನಿಲ್ಲುವುದಿಲ್ಲ.

ಕಾವೇರಿತೀರ:
ಮೇಷ್ಟ್ರೇ, ಕದ್ದ ಅಂತ ನಾನೂ ಹೇಳಲ್ಲ. ಆದರೆ ನೀವೆಲ್ಲ ತಾರೀಖು ಹಿಡಿದು ಜಗ್ಗಾಡುತ್ತಾ ದೊಡ್ಡ ತಪ್ಪನ್ನು ಬಿಟ್ಟುಬಿಟ್ಟಿದ್ದೀರಿ. ವ್ಯಾಲೇಸ್‌ನನ್ನು ಯಾರೂ ಕೇಳಲಿಲ್ಲ!

ಜೂನ್ 25ರಂದು ಡಾರ್ವಿನ್ ಲೈಯೆಲ್‌ಗೆ ಬರೆಯುತ್ತಾನೆ: ನನ್ನದೂ ಒಂದು ಹನ್ನೆರಡು ಪುಟ ಅಚ್ಚು ಹಾಕಿಸಬೇಕು ಅನಿಸುತ್ತದೆ, ಆದರೆ ಹಾಗೆ ಮಾಡುವುದು ಮರ್ಯಾದೆಯ ಕೆಲಸವೇ? ನಾನು ಸಣ್ಣತನ ಮಾಡಿದೆ ಎಂದು ವ್ಯಾಲೇಸ್ ಅಂದುಕೊಳ್ಳುವುದಕ್ಕಿಂತ ನನ್ನ ಪುಸ್ತಕವನ್ನೇ ಸುಟ್ಟುಬಿಡುವುದು ಮೇಲು. ಮನಸ್ಸಿನಿಂದ ಬಂದ ಮಾತು ಅಂತಲೇ ನನಗೆ ಅನಿಸುತ್ತದೆ. 28ಕ್ಕೆ ಅವನ ಹಸುಗೂಸು ಚಾರ್ಲ್ಸ್ ಸ್ಕಾರ್ಲೆಟ್ ಜ್ವರದಲ್ಲಿ ತೀರಿಕೊಂಡಿತು. ಮಾರನೇ ದಿನವೇ, ಆ ದುಃಖದಲ್ಲೇ, ವ್ಯಾಲೇಸ್ ಪ್ರಬಂಧ ಮತ್ತು ತನ್ನ ಹಳೇ ಬರಹಗಳನ್ನು ಹುಕರ್‌ಗೆ ಕಳಿಸಿ ನೀವೇ ನೋಡಿಕೊಳ್ಳಿ ಅಂದ. ಜುಲೈ 1ರ ಸಂಜೆ ಲಂಡನ್ನಿನ ಜೀವವಿಜ್ಞಾನಿಗಳ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಎಲ್ಲ ಓದಿಸಿಬಿಟ್ಟರು. ಮೊದಲು ಡಾರ್ವಿನ್‌ನ ಪ್ರಬಂಧದ ಭಾಗ, ಆಮೇಲೆ ಗ್ರೇಗೆ ಬರೆದ ಕಾಗದ, ಕೊನೆಗೆ ವ್ಯಾಲೇಸ್. ಅಚ್ಚಿಗೆ ಕೊಡಲು ಸಿದ್ಧವಾಗಿದ್ದು ವ್ಯಾಲೇಸ್‌ದು ಒಂದೇ, ಅದು ಕೊನೆಗೆ!

ಡಾರ್ವಿನ್ ಮನೆಯಿಂದ ಹುಕರ್ ಮನೆಗೆ ಕಾಗದ ಮುಟ್ಟಲು ಒಂದು ದಿನ ಸಾಕು. ವ್ಯಾಲೇಸ್ ಆಗ ನ್ಯೂಗಿನಿಯಲ್ಲಿದ್ದ. ಅವನನ್ನು ಕೇಳಿ ಉತ್ತರ ಬರಲು ಅರ್ಧ ವರ್ಷಕ್ಕೂ ಜಾಸ್ತಿ ಬೇಕು. ಕಾಯಬಹುದಿತ್ತು. ಇಪ್ಪತ್ತು ವರ್ಷ ಕಾದವರಿಗೆ ಅರ್ಧ ವರ್ಷ ಯಾಕೆ ಆಗಲಿಲ್ಲ?

ಗಣಿತಮೇಷ್ಟ್ರು:
ಮೇಡಂ, ವ್ಯಾಲೇಸ್‌ಗೆ ಅದರಿಂದ ಬೇಸರ ಆಗಿರಲಿಲ್ಲವಲ್ಲ. ಅಕ್ಟೋಬರ್‌ನಲ್ಲಿ ಅಮ್ಮನಿಗೆ ಕಾಗದ ಬರೆದು, ಡಾರ್ವಿನ್ ಮತ್ತು ಹುಕರ್ ಇಬ್ಬರಿಂದಲೂ ಕಾಗದ ಬಂದಿದೆ, ಬಹಳ ಸಂತೋಷವಾಯಿತು ಅಂದ. 1889ರಲ್ಲಿ ತನ್ನ ಪುಸ್ತಕಕ್ಕೆ ಡಾರ್ವಿನಿಸಂ ಅಂತಲೇ ಹೆಸರಿಟ್ಟ. ವ್ಯಾಲೇಸ್‌ಗೆ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಕೊಡಿಸಲು ಓಡಾಡಿದ್ದೂ ಡಾರ್ವಿನ್ನೇ.

ಧಾರವಾಡದವ:
ಸ್ವಲ್ಪ ನಮ್ಮ ಕಡೆಯ ವಿಷಯ ಹೇಳುತ್ತೇನ್ರೀ, ಚರ್ಚೆಗೂ ಸಂಬಂಧ ಇದೆ.

1856ರ ಜನವರಿಯಲ್ಲಿ ಡಾರ್ವಿನ್ ಮದ್ರಾಸಿನ ವಾಲ್ಟರ್ ಎಲಿಯಟ್‌ಗೆ ಒಂದು ಕಾಗದ ಬರೆದ. ಸಾಕಿದ ಪಾರಿವಾಳ, ಕೋಳಿಗಳ ಚರ್ಮ ಕಳಿಸಿಕೊಡಿ ಅಂತ. ಈ ಎಲಿಯಟ್ ಯಾರು ಗೊತ್ತೇ? 1824ರಲ್ಲಿ ಕಿತ್ತೂರು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತಾಗ, ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ. ಆಮೇಲೆ ಬಿಡುಗಡೆಯಾಗಿ, ನಮ್ಮ ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದು ಕನ್ನಡದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. 1839ರಲ್ಲಿ ಈ ಭಾಗದ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಅವನು ಕಳಿಸಿದ ಚರ್ಮಗಳು ಡಾರ್ವಿನ್‌ಗೆ ಮುಟ್ಟಿದವು. 1859ರಲ್ಲಿ ಬಂದ ಡಾರ್ವಿನ್‌ನ ಪ್ರಭೇದಗಳ ಪುಸ್ತಕದ ಮೊದಲ ಅಧ್ಯಾಯದಲ್ಲೇ ಎಲಿಯಟ್ ಹೆಸರು ಇದೆ.

ಎಲಿಯಟ್ ಹೆಸರು ಬಂತು. ಆ ಹಕ್ಕಿ ಹಿಡಿದವರು, ಚರ್ಮ ಸುಲಿದು ಒಣಗಿಸಿದವರು ಎಲ್ಲಿ? ಕಾಗದ ಬರೆಯಲು ಬಂದವನ ಹೆಸರು ಉಳಿಯುತ್ತದೆ, ಅಷ್ಟೇ. ವ್ಯಾಲೇಸ್ ಈ ವಿಷಯದಲ್ಲಿ ದೊಡ್ಡವನು. ಜೊತೆಗಿದ್ದ ಅಲಿ ಎಂಬ ಮಲಯ ಹುಡುಗನ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದ.

ನೀಲಿಶಾಯಿ:
ಎಲಿಯಟ್ ಕಿತ್ತೂರಿನಲ್ಲಿ ಸೆರೆಯಾಳಾಗಿದ್ದ ಅನ್ನುವುದು ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತು. ತುಂಬಾ ಥ್ಯಾಂಕ್ಸ್ ಸರ್.

ಹಳೇಕಾಗದ:
ಮಾತು ಬೇರೆ ಕಡೆ ಹೋಯಿತು. ಏಪ್ರಿಲ್ ಹಡಗಿನಲ್ಲಿ ಹೋಯಿತು ಎನ್ನುವುದಕ್ಕೂ ನೇರ ಸಾಕ್ಷಿ ಇಲ್ಲ, ಅದೂ ಊಹೆಯೇ. ಲಕೋಟೆ ಸಿಗುವವರೆಗೆ ನಾನು ಮಾರ್ಚ್ ಅಂತಲೇ ಹೇಳುತ್ತೇನೆ.

ಕಾವೇರಿತೀರ:
ಲಕೋಟೆ ಸಿಕ್ಕರೂ ನನ್ನ ಪ್ರಶ್ನೆ ಹಾಗೇ ಇರುತ್ತದೆ. ಮೇಷ್ಟ್ರೇ, ವ್ಯಾಲೇಸ್‌ಗೆ ಬೇಸರವಿರಲಿಲ್ಲ ಅಂದಿರಿ. 1869ರಲ್ಲಿ ಆ ಪ್ರಬಂಧವನ್ನು ಜರ್ಮನ್ ಭಾಷೆಗೆ ತರುತ್ತಿದ್ದ ಮೇಯರ್‌ಗೆ ಅವನು ಬರೆದ ಕಾಗದ ಓದಿ. ನನಗೆ ತಿಳಿಸದೆ ಅಚ್ಚು ಹಾಕಿದರು, ಪ್ರೂಫ್ ತಿದ್ದಲೂ ಆಗಲಿಲ್ಲ, ಈ ವಿಷಯವನ್ನು ನಿಮ್ಮ ಪುಸ್ತಕದಲ್ಲಿ ಹೇಳಬೇಕು ಎಂದು ಕೇಳಿಕೊಂಡಿದ್ದಾನೆ. ಹನ್ನೊಂದು ವರ್ಷ ಆದಮೇಲೂ ಅದನ್ನು ಮರೆತಿರಲಿಲ್ಲ. ಅಮ್ಮನಿಗೆ ಸಂತೋಷ ಅಂತ ಬರೆದವನೂ ಅವನೇ, ಇದನ್ನು ಬರೆದವನೂ ಅವನೇ. ಎರಡನ್ನೂ ಇಟ್ಟುಕೊಂಡು ಮಾತಾಡೋಣ.